ಮರವಾದ ಮೇಲೂ ಬಗ್ಗುತ್ತದೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಎಲ್ಲರೂ ಕೇಳುತ್ತಾರೆ. ಕೇಳುವ ಧಾಟಿಯಲ್ಲೇ ಉತ್ತರವೂ ಸೇರಿರುತ್ತದೆ. ನಲವತ್ತು ದಾಟಿದ ಗಂಡಸಿನ ಸಿಟ್ಟು, ಐವತ್ತಾದ ಹೆಂಗಸಿನ ಅಂಜಿಕೆ, ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಟ, ಇವೆಲ್ಲ ಸುಡುಗಾಡಿನ ತನಕ ಜೊತೆಗೆ ಬರುವಂಥವು ಎಂಬುದು ಊರಿನ ತೀರ್ಮಾನ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ ನಾನೂ ಬಹಳ ಕಾಲ ಇದನ್ನೇ ನಂಬಿದ್ದೆ. ಬೆಳೆಯುವುದು ಮಕ್ಕಳ ಕೆಲಸ, ದೊಡ್ಡವರದು ಬೆಳೆದದ್ದನ್ನು ಕಾಯುವ ಕೆಲಸ ಎಂದುಕೊಂಡಿದ್ದೆ. ಈ ನಂಬಿಕೆ ತಪ್ಪು ಎಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಇದಕ್ಕೆ ಇನ್ನೊಂದು ನಂಬಿಕೆಯೂ ಅಂಟಿಕೊಂಡಿದೆ. ದೊಡ್ಡವರು ಬದಲಾಗುವುದೇ ಆದರೆ ಒಂದೋ ಒಬ್ಬರೇ ಕಣ್ಣು ಮುಚ್ಚಿ ಕೂತು ಬದಲಾಗಬೇಕು, ಇಲ್ಲವೇ ಬಲ್ಲವರೊಬ್ಬರು ಮೇಲೆ ಕೂತು ಬುದ್ಧಿ ಹೇಳಬೇಕು. ನಮ್ಮಂಥ ಸಾಮಾನ್ಯರು ಎದುರುಬದುರು ಕೂತು ಆಡುವ ಮಾತಿಗೆ ಹರಟೆ ಎಂದು ಹೆಸರು. ಶ್ರಾವಣ ಬಂತೆಂದರೆ ಊರೂರಲ್ಲಿ ಪ್ರವಚನ. ಸಾವಿರ ಮಂದಿ ಕೂಡುತ್ತಾರೆ, ಒಬ್ಬರು ಮಾತಾಡುತ್ತಾರೆ. ಅದರ ಸೊಗಸು ನನಗೆ ಗೊತ್ತು. ಎಷ್ಟೋ ರಾತ್ರಿ ಆ ಮಾತಿನ ತಂಪಿನಲ್ಲಿ ಮನೆಗೆ ಬಂದಿದ್ದೇನೆ. ಆದರೆ ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ಹೋದ ಹಾಗೆಯೇ ತಿರುಗಿ ಬಂದೆ.

ನೌಕರಿಯಲ್ಲಿದ್ದಾಗ ಮೂರು ದಿನದ ವ್ಯಕ್ತಿತ್ವ ವಿಕಸನ ಶಿಬಿರಕ್ಕೂ ಕಳಿಸಿದ್ದರು. ನಲವತ್ತು ಮಂದಿ ಶಿಕ್ಷಕರು, ಗುಂಡಗೆ ಹಾಕಿದ ಕುರ್ಚಿಗಳು, ನಡುವೆ ಕೊರಳಿಗೆ ಮೈಕ್ ಸಿಕ್ಕಿಸಿಕೊಂಡ ತರಬೇತುದಾರರು. ಕಣ್ಣು ಮುಚ್ಚಿರಿ ಎಂದರು, ಮುಚ್ಚಿದೆವು. ಪಕ್ಕದವರ ಕೈ ಹಿಡಿದು ಅವರಲ್ಲಿನ ಒಳ್ಳೆಯ ಗುಣ ಒಂದು ಹೇಳಿರಿ ಎಂದರು, ಹೇಳಿದೆವು. ಕೆಲವರು ಅತ್ತರು. ಮೂರನೆಯ ದಿನ ಪ್ರಮಾಣಪತ್ರ ಕೊಟ್ಟರು. ಆ ನಲವತ್ತರಲ್ಲಿ ಇಬ್ಬರು ಒಂದೇ ಶಾಲೆಯವರು, ವರ್ಷಗಟ್ಟಲೆ ಮಾತು ಬಿಟ್ಟವರು. ಶಿಬಿರದಲ್ಲಿ ಕೈ ಹಿಡಿದರು, ಸೋಮವಾರ ಶಾಲೆಗೆ ಬಂದ ಮೇಲೆ ಮತ್ತೆ ಮಾತಿಲ್ಲ. ಜಗಳ ಏನೆಂದು ಆ ಮೂರು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ.

ಹಾಗಾಗಿ ನನಗೆ ಎರಡು ಕಡೆ ತಕರಾರು ಇದೆ. ದೊಡ್ಡವರು ಬದಲಾಗುವುದಿಲ್ಲ ಎನ್ನುವವರೊಂದಿಗೆ ಒಂದು. ಗುಂಡಗೆ ಕೂಡಿಸಿ ಮನಸ್ಸು ಬಿಚ್ಚಿಸಿದರೆ ಸಾಕು, ಎಲ್ಲರೂ ಬೆಳೆಯುತ್ತಾರೆ ಎನ್ನುವ ಹೊಸ ಉತ್ಸಾಹಿಗಳೊಂದಿಗೆ ಇನ್ನೊಂದು.

ನನ್ನ ಕಣ್ಣು ತೆರೆದದ್ದು ತುಕ್ಕಾನಟ್ಟಿಯ ಒಂದು ಓಣಿಯಲ್ಲಿ. ಮೊದಲು ಗೋಕಾಕ ತಾಲ್ಲೂಕು, ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಊರು. ನಿವೃತ್ತಿಯಾದ ಹೊಸತರಲ್ಲಿ ಅಲ್ಲಿನ ಹೆಂಗಸರ ಒಂದು ಉಳಿತಾಯ ಸಂಘದವರು ಠರಾವು ಪುಸ್ತಕ, ಲೆಕ್ಕ ಬರೆದುಕೊಡಲು ನನ್ನನ್ನು ಕರೆಯುತ್ತಿದ್ದರು. ವಾರಕ್ಕೊಮ್ಮೆ ಸಂಜೆ ದನ ಕಟ್ಟಿದ ಮೇಲೆ ಒಬ್ಬರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡುತ್ತಿದ್ದರು. ನಡುವೆ ಒಂದು ತಗಡಿನ ಪೆಟ್ಟಿಗೆ, ಹಾಜರಿ ಪುಸ್ತಕ, ಪಾಸ್‌ಬುಕ್ಕುಗಳ ಕಟ್ಟು. ನಾನು ಬಾಗಿಲ ಹತ್ತಿರ ಕೂತು ಬರೆಯುತ್ತಿದ್ದೆ.

ಒಂದು ಸಂಜೆ ಒಬ್ಬಾಕೆ ಮಗಳ ಮದುವೆಗೆಂದು ಸಾಲ ಕೇಳಿದಳು. ಪೆಟ್ಟಿಗೆಯ ಪಕ್ಕ ಕೂತ ಹಿರಿಯಳು ಹಣದ ಮಾತೇ ಎತ್ತಲಿಲ್ಲ.

“ಹುಡುಗೀಗೆ ಎಷ್ಟ ವರ್ಷ ಆತಬೇ?”

“ಹದಿನಾರ ತುಂಬತಾವ.”

“ಮತ್ತ ಈಗ ಯಾಕ ಅವಸರ?”

“ನಮ್ಮ ಮನಿಯವರು ಕೇಳಂಗಿಲ್ಲ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನಾಲ್ಕ ಮಂದಿ ಏನಂದಾರು?”

“ನಾಲ್ಕ ಮಂದಿ ಅಂದ್ರ ಯಾರಬೇ? ಇಲ್ಲಿ ಹದಿನಾಲ್ಕ ಮಂದಿ ಕುಂತೇವಿ. ನಾವೇನರ ಅಂದೇವೇನ?”

ಆ ಕ್ಷಣದಲ್ಲಿ ನಾನೊಂದು ತಪ್ಪು ಮಾಡಿದೆ. ತಲೆ ಎತ್ತಿ ಬಾಲ್ಯವಿವಾಹ ನಿಷೇಧ ಕಾಯ್ದೆ, ಹದಿನೆಂಟು ವರ್ಷ, ಶಿಕ್ಷೆ ಎಲ್ಲವನ್ನೂ ಪಾಠದ ದನಿಯಲ್ಲಿ ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಎಲ್ಲರೂ ಸೆರಗು ಸರಿಮಾಡಿಕೊಂಡು “ಹೌದ್ರೀ ಮಾಸ್ತರ” ಎಂದು ಸುಮ್ಮನಾದರು. ಹುಟ್ಟಿದ ಮಾತು ಅಲ್ಲೇ ಸತ್ತಿತು. ಸಾಲದ ಅರ್ಜಿ ಮುಂದಿನ ವಾರಕ್ಕೆ ಹೋಯಿತು.

ಮುಂದಿನ ವಾರ ಆಕೆ ಬರಲಿಲ್ಲ. ಅದರಾಚೆಯ ವಾರ ಬಂದಳು. ಹಿರಿಯಳು ಮತ್ತೆ ಕೇಳಿದಳು, ಗದರಿಸದೆ, ಹೊಲದಲ್ಲಿ ಜೊತೆಗೆ ಕಳೆ ತೆಗೆಯುವಾಗ ಕೇಳುವ ಹಾಗೆ. ನಾನು ಈ ಸಲ ಬಾಯಿ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಆಕೆ ಅಂದದ್ದು ಇಷ್ಟು: “ಅವರ ಗದ್ದಲ ಇರಲಿಲ್ಲ ಯವ್ವಾ. ಅಂಜಿಕಿ ನಂದು. ನನ್ನ ಅಂಜಿಕಿ ಅವರ ಹೆಸರಲೆ ಹೇಳಿದ್ನಿ.”

ಹುಡುಗಿ ಪಿಯುಸಿ ಮುಗಿಸಿದಳು. ಆಮೇಲೆ ಮದುವೆಯೂ ಆಯಿತು, ಬೇರೆ ಕಡೆ. ನನ್ನ ಮನಸ್ಸಿನಲ್ಲಿ ನಿಂತದ್ದು ಮಗಳಿಗಿಂತ ಹೆಚ್ಚಾಗಿ ತಾಯಿ. ನಲವತ್ತರ ಹತ್ತಿರದ ಹೆಂಗಸು, ಶಾಲೆ ನಾಲ್ಕನೆಯ ಇಯತ್ತೆಗೆ ಬಿಟ್ಟವಳು. ಇಷ್ಟು ವರ್ಷ ಅಂಜಿಕೆಯ ಒಳಗೆ ಕೂತು ಮಾತಾಡಿದವಳು ಅಂದು ಅಂಜಿಕೆಯನ್ನು ತೆಗೆದು ಜಮಖಾನೆಯ ಮೇಲೆ, ಪಾಸ್‌ಬುಕ್ಕುಗಳ ಪಕ್ಕ ಇಟ್ಟಳು. ಎತ್ತಿಗೆ ನೊಗ ಕಾಣುವುದಿಲ್ಲ, ಭಾರ ಮಾತ್ರ ಗೊತ್ತಾಗುತ್ತದೆ. ನೊಗ ಕಾಣುವುದು ಎದುರು ನಿಂತವರಿಗೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಕೀಗನ್ 1982ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹಿಡಿದು ಮುಂದೆ ದಶಕಗಟ್ಟಲೆ ವಾದಿಸಿದ್ದು ಹೆಚ್ಚುಕಡಿಮೆ ಇದನ್ನೇ. ವಯಸ್ಕರ ಮನಸ್ಸು ಇಪ್ಪತ್ತಕ್ಕೆ ನಿಲ್ಲುವುದಿಲ್ಲ. ನಮ್ಮನ್ನು ಆಳುತ್ತಿದ್ದದ್ದು ನಾವು ನೋಡಬಲ್ಲ ವಸ್ತುವಾದಾಗಲೆಲ್ಲ ಮನಸ್ಸು ಒಂದು ಮೆಟ್ಟಿಲು ಏರುತ್ತದೆ ಎಂದು ಆತ ಹೇಳುತ್ತಾನೆ. ತುಕ್ಕಾನಟ್ಟಿಯ ಆ ತಾಯಿಗೆ ಕೀಗನ್ ಬೇಕಿರಲಿಲ್ಲ. ಕೇಳುವವರು ಬೇಕಿತ್ತು. ಕೇಳಿದವರು ಆಕೆಯ ಸರಿಸಮಾನರಾಗಿರಬೇಕಿತ್ತು, ಮತ್ತು ಮುಂದಿನ ವಾರವೂ ಆಕೆ ಮುಖ ನೋಡಲೇಬೇಕಾದವರಾಗಿರಬೇಕಿತ್ತು.

ಆದರೆ ಪ್ರಶ್ನೆ ಎದ್ದದ್ದು ಹಣದಿಂದ, ಮಾತಿಗೆಂದೇ ಅವರು ಕೂಡಿರಲಿಲ್ಲವಲ್ಲ ಎಂದು ಓದುಗರು ಹೇಳಬಹುದು. ನಿಜ. ನನ್ನ ವಾದದ ಗಟ್ಟಿ ಜಾಗ ಅದೇ. ಭೌತವಿಜ್ಞಾನಿ ಡೇವಿಡ್ ಬೋಮ್ ಜಿಡ್ಡು ಕೃಷ್ಣಮೂರ್ತಿಯವರೊಂದಿಗೆ ವರ್ಷಗಟ್ಟಲೆ ಸಂವಾದ ಮಾಡಿದವನು. ಕೊನೆಯ ವರ್ಷಗಳಲ್ಲಿ ಗುಂಪು ಸಂವಾದವನ್ನೇ ಒಂದು ಸಾಧನೆಯಾಗಿ ಮುಂದಿಟ್ಟ. ಇಪ್ಪತ್ತು ನಲವತ್ತು ಮಂದಿ ಸುತ್ತ ಕೂಡಬೇಕು. ಮುಂಚೆ ಗೊತ್ತುಮಾಡಿದ ವಿಷಯ ಇರಬಾರದು, ತೀರ್ಮಾನ ಮಾಡಬೇಕೆಂಬ ಗುರಿಯೂ ಇರಬಾರದು. ಆಗ ಮನಸ್ಸು ತನ್ನ ಓಟವನ್ನು ತಾನೇ ಕಾಣುತ್ತದೆ ಎಂಬುದು ಅವನ ಮಾತಿನ ಸಾರ. ಆ ಚಿಂತನೆಯ ಬಗ್ಗೆ ನನಗೆ ಗೌರವ ಇದೆ. ಆದರೆ ದಿನಗೂಲಿ ಬಿಟ್ಟು ಬರುವ ಹೆಂಗಸು ಗುರಿಯಿಲ್ಲದ ಮಾತಿಗೆ ಎರಡನೆಯ ವಾರ ಬರುವುದಿಲ್ಲ. ಬಂದರೂ ಆ ಮಾತು ಆಕೆಯ ಬದುಕಿಗೆ ತಾಗುವುದಿಲ್ಲ. ನಡುವೆ ಒಂದು ಪೆಟ್ಟಿಗೆ ಬೇಕು. ಅದರಲ್ಲಿ ಎಲ್ಲರ ಪಾಲೂ ಇರಬೇಕು. ಆಗ ಮಾತ್ರ ನಿನ್ನ ಮನೆಯ ಸಂಗತಿ ಕೇಳುವ ಹಕ್ಕು ನನಗೆ, ನನ್ನದು ಕೇಳುವ ಹಕ್ಕು ನಿನಗೆ ಬರುತ್ತದೆ.

ರೈತರಲ್ಲೂ ಇದನ್ನು ಕಾಣಬಹುದು. ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ಇರುವುದು ತುಕ್ಕಾನಟ್ಟಿಯಲ್ಲೇ. ಹಾಗಾಗಿ ಬೆಳೆಯನ್ನು ಹೊಲದಲ್ಲೇ ತೋರಿಸುವ ಕ್ಷೇತ್ರೋತ್ಸವ ನಮ್ಮ ರೈತರಿಗೆ ಹೊಸದೇನಲ್ಲ. ಪೆಂಡಾಲಿನಡಿ ಭಾಷಣ ಕೇಳುವಾಗ ಗೋಣು ಹಾಕುವ ರೈತ ಬೆಳೆಯ ನಡುವೆ ನಿಂತಾಗ ಬೇರೆಯೇ ಮನುಷ್ಯ. ಪಕ್ಕದ ಹೊಲದವನು “ನೀ ಎಷ್ಟ ಚೀಲ ಯೂರಿಯಾ ಹಾಕಿದಿ, ಖರೇ ಹೇಳು” ಎಂದಾಗ ಆತ ಕಬ್ಬಿನ ಲೆಕ್ಕದ ಜೊತೆಗೆ ತನ್ನ ಹಟದ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ರೈತ ಕ್ಷೇತ್ರ ಪಾಠಶಾಲೆ ಶುರುಮಾಡಿದಾಗ ಹಿಡಿದ ದಾರಿ ಇದೇ: ಇಪ್ಪತ್ತೈದರ ಆಸುಪಾಸಿನ ರೈತರು, ವಾರಕ್ಕೊಮ್ಮೆ, ಇಡೀ ಹಂಗಾಮು, ಅದೇ ಗದ್ದೆ. ಪಾಠ ಹೇಳುವವರು ಹಿಂದೆ ಸರಿದರು. ಕೀಟನಾಶಕ ಹೊಡೆಯುವ ಮುಂಚೆ ಎಲೆ ಎತ್ತಿ ಹುಳ ಎಣಿಸುವುದನ್ನು ರೈತರು ಒಬ್ಬರಿಂದೊಬ್ಬರು ಕಲಿತರು.

ಇನ್ನು ಇದೇ ಸೀಮೆಯ ದೊಡ್ಡ ಉದಾಹರಣೆಗೆ ಬರುತ್ತೇನೆ. ದೇವದಾಸಿ ಪದ್ಧತಿ ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಹತ್ತು ವರ್ಷ ದಾಟಿ, 1993-94ರಲ್ಲಿ ಸರ್ಕಾರ ಸಮೀಕ್ಷೆ ಮಾಡಿಸಿದಾಗ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 22,873. ಸವದತ್ತಿಯ ಎಲ್ಲಮ್ಮನ ಗುಡ್ಡ ಇರುವ ಬೆಳಗಾವಿ ಜಿಲ್ಲೆ ಈ ಪದ್ಧತಿಯ ನಡುಮನೆಯಾಗಿತ್ತು. ಹೊಸದಾಗಿ ಮುತ್ತು ಕಟ್ಟಿ ದೇವದಾಸಿ ಮಾಡುವವರನ್ನು ಹಿಡಿಯುವುದು ಕಾಯ್ದೆಯ ಕೈಲಿತ್ತು. ಆದರೆ ಮೂವತ್ತು ವರ್ಷದ ಹಿಂದೆ ಕಟ್ಟಿಸಿಕೊಂಡವಳ ಮನಸ್ಸಿನಲ್ಲಿ ಕೂತ ನಂಬಿಕೆಯನ್ನು ಯಾವ ಕಾಯ್ದೆ ಬಿಚ್ಚೀತು? ಮುತ್ತು ತೆಗೆದರೆ ತಾಯಿ ಎಲ್ಲಮ್ಮ ಮುನಿಯುತ್ತಾಳೆ, ಕೂದಲು ಜಡೆಗಟ್ಟಿದರೆ ಅದು ಆಕೆಯ ಕರೆ, ಕತ್ತರಿಸಿದರೆ ರಕ್ತ ಕಾರಿ ಸಾಯುತ್ತೇವೆ ಎಂಬ ಅಂಜಿಕೆ ಬಲಿತ ಮರದ ಬೇರಿನ ಹಾಗೆ ಇಳಿದಿತ್ತು.

1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ, ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದೊಡನೆ ಸೇರಿ ಈ ಜಿಲ್ಲೆಯ ಮಾಜಿ ದೇವದಾಸಿಯರ ಸಂಘಗಳನ್ನು ಕಟ್ಟತೊಡಗಿತು. 1997ರಲ್ಲಿ ಆ ಮಹಿಳೆಯರೇ ಸೇರಿ ತಮ್ಮದೇ ಸಂಸ್ಥೆ ಮಾಡಿಕೊಂಡರು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರ ಬಾಯಲ್ಲಿ ‘ಮಾಸ್’. ಅದರ ಮನೆ ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ. ಬಾಲ್ಯದಲ್ಲೇ ದೇವದಾಸಿಯಾಗಿ, ಮುಂದೆ ಈ ಸಂಸ್ಥೆಯನ್ನು ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆ ದಿನ ಪತ್ರಿಕೆಗಳು ಬರೆದದ್ದು ಒಬ್ಬ ವ್ಯಕ್ತಿಯ ಗೆಲುವನ್ನು. ನನಗೆ ಅದರ ಹಿಂದೆ ಕಂಡದ್ದು ಎಷ್ಟೋ ಊರಿನ ಎಷ್ಟೋ ಸಂಜೆಗಳ ಸಭೆ.

ಆ ಹೆಂಗಸರನ್ನು ಬದಲಾಯಿಸಿದ್ದು ಸಾಲ, ಮಾಸಾಶನ, ಮನೆ, ಮಾತಲ್ಲ ಎಂದು ಹೇಳುವವರಿದ್ದಾರೆ. ಸಾಲ ಮಾಸಾಶನ ಇಲ್ಲದಿದ್ದರೆ ಯಾರೂ ಬಂದು ಕೂಡುತ್ತಿರಲಿಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಸಿದವರಿಗೆ ಸಂವಾದ ಉಣಬಡಿಸುವುದು ಅನ್ಯಾಯ. ಆದರೆ ಮಾಸಾಶನ ತೆಗೆದುಕೊಂಡೂ ಅಂಜಿಕೊಂಡೇ ಬದುಕಬಹುದು. ತಾಯಿ ಮುನಿಯುವುದಿಲ್ಲ ಎಂದು ಅಧಿಕಾರಿ ಹೇಳಿದರೆ ಅವನಿಗೇನು ಗೊತ್ತು ಎಂದು ಅನ್ನಿಸುತ್ತದೆ. ಅದೇ ಮಾತನ್ನು, ಮುತ್ತು ತೆಗೆದಿಟ್ಟು ಮೂರು ವರ್ಷ ಆದರೂ ಗಟ್ಟಿಯಾಗಿ ಎದುರಿಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುವ ಇನ್ನೊಬ್ಬ ಹೆಂಗಸು ಹೇಳಿದರೆ? ಅಲ್ಲಿ ವಾದ ಬೇಕಾಗುವುದಿಲ್ಲ. ಆಕೆ ಕೂತಿರುವುದೇ ಪುರಾವೆ. ಗಿಡವಾಗಿ ಬಗ್ಗದ್ದು ಎಂಬ ಗಾದೆ ಹೇಳುವವರು ಘಟಪ್ರಭಾದ ಈ ಕಥೆಯನ್ನು ಒಮ್ಮೆ ಯೋಚಿಸಲಿ. ಬದಲಾದವರಲ್ಲಿ ಎಷ್ಟೋ ಮಂದಿ ಮಕ್ಕಳ ತಾಯಂದಿರು, ಓದು ಬರಹ ಇಲ್ಲದವರು. ಯಾವ ವಯಸ್ಸಿನಲ್ಲಿ, ಯಾವ ಸ್ಥಿತಿಯಲ್ಲಿ ಮನುಷ್ಯ ಬದಲಾಗುವುದಿಲ್ಲ ಎಂದು ನಾವು ಹೇಳುತ್ತೇವೋ ಅದೇ ವಯಸ್ಸು, ಅದೇ ಸ್ಥಿತಿ.

ಇಂಥ ಮಾತು ಬಂದಾಗ ನಮ್ಮವರು ತಕ್ಷಣ ಎತ್ತುವ ಹೆಸರು ಶರಣರ ಅನುಭವ ಮಂಟಪ. ಜಗತ್ತಿನ ಮೊದಲ ಸಂಸತ್ತು ಎಂದು ವೇದಿಕೆಗಳಲ್ಲಿ ಹೇಳಿ ಹೇಳಿ ಅದು ಗಾದೆಯಾಗಿದೆ. ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲೂ ಬಿತ್ತು. ಬಸವಣ್ಣನವರ ಮೇಲಿನ ಭಕ್ತಿಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ಸಂಸತ್ತು ಎಂಬ ಹೋಲಿಕೆ ಆ ಮಂಟಪದ ಗುಣವನ್ನು ಮರೆಸುತ್ತದೆ ಎಂದೇ ನನ್ನ ತಿಳಿವಳಿಕೆ. ಸಂಸತ್ತಿನಲ್ಲಿ ಮತ ಹಾಕುತ್ತಾರೆ, ಕಾಯ್ದೆ ಮಾಡುತ್ತಾರೆ. ಒಳಗೆ ಹೋದ ಸದಸ್ಯ ಹಾಗೆಯೇ ಹೊರಬರಬಹುದು. ಮಂಟಪ ಹಾಗಲ್ಲ. ಅಲ್ಲಿನ ಸಂವಾದಗಳನ್ನು ಹೇಳುವ ಶೂನ್ಯಸಂಪಾದನೆ ಓದಿ ನೋಡಿ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಮಾಡಿ, ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣೊಡೆಯ ಬೆಳೆಸಿದ ಆ ಕೃತಿ ಶರಣರ ಕಾಲದಿಂದ ಬಹಳ ಈಚಿನದು. ನಡೆದದ್ದರ ವರದಿ ಎಂದು ಅದನ್ನು ಓದಬೇಕಾಗಿಲ್ಲ. ದೊಡ್ಡವರು ಹೇಗೆ ಬದಲಾಗುತ್ತಾರೆ ಎಂದು ಕನ್ನಡದ ಮನಸ್ಸು ಯೋಚಿಸಿದ್ದರ ದಾಖಲೆ ಎಂದು ಓದಿದರೆ ಅದಕ್ಕೆ ಸಮ ಇಲ್ಲ.

ಸೊನ್ನಲಿಗೆಯ ಸಿದ್ಧರಾಮನನ್ನೇ ತೆಗೆದುಕೊಳ್ಳಿ. ಇಂದಿನ ಸೊಲ್ಲಾಪುರ. ಕೆರೆ ಕಟ್ಟಿಸುತ್ತ, ಗುಡಿ ಎಬ್ಬಿಸುತ್ತ ನಾಡೆಲ್ಲ ಹೆಸರಾದವನು. ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಅಲ್ಲಿಗೆ ಅಲ್ಲಮ ಬಂದು ಅವನನ್ನು ಒಡ್ಡ ಎಂದು ಕರೆಯುತ್ತಾನೆ. ಕೆಲಸದವರು ಕಲ್ಲು ಎಸೆಯುತ್ತಾರೆ. ಸಿದ್ಧರಾಮ ಸಿಟ್ಟಿನಿಂದ ಉರಿದುಬರುತ್ತಾನೆ. ಆ ಸಿಟ್ಟನ್ನೇ ಮುಂದಿಟ್ಟುಕೊಂಡು ಅಲ್ಲಮ ಕೇಳತೊಡಗುತ್ತಾನೆ: ಇಷ್ಟೆಲ್ಲ ಕಟ್ಟಿಸಿದವನು ಯಾರು? ಮುಂದೆ ಕಲ್ಯಾಣಕ್ಕೆ ಬಂದ ಮೇಲೂ ಸಿದ್ಧರಾಮ ಸುಲಭಕ್ಕೆ ಒಪ್ಪುವುದಿಲ್ಲ. ಇಷ್ಟಲಿಂಗ ಏಕೆ ಬೇಕು ಎಂದು ಮತ್ತೆ ಮತ್ತೆ ವಾದಿಸುತ್ತಾನೆ. ಕೊನೆಗೆ ವಯಸ್ಸಿನಲ್ಲಿ ತನಗಿಂತ ಚಿಕ್ಕವನಾದ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಇದು ಪ್ರವಚನ ಕೇಳಿ ಬದಲಾದ ಕಥೆ ಆಗಲಾರದು. ಎದುರುತ್ತರ ಕೊಟ್ಟು, ಎದುರುತ್ತರ ತೆಗೆದುಕೊಂಡು, ಹಟ ಹಿಡಿದು ಬದಲಾದ ಕಥೆ. ಎದುರುತ್ತರ ಎಂಬ ಮಾತನ್ನು ನಾವು ಮಕ್ಕಳಿಗೆ ಬೈಗುಳವಾಗಿ ಬಳಸುತ್ತೇವೆ. ಅದು ದೊಡ್ಡವರ ಔಷಧ.

ಆಯ್ದಕ್ಕಿ ಲಕ್ಕಮ್ಮ ನನಗೆ ಇನ್ನೂ ಹತ್ತಿರದವಳು. ಅಂದಿನ ಪಾಲಿಗಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ತಿರುಗಿ ಕಳಿಸಿ, ಚೆಲ್ಲಿ ಬಾ ಎಂದವಳು. ಮಂಟಪದ ಮಾತಿನಲ್ಲಿ ಮೈಮರೆತ ಮಾರಯ್ಯನಿಗೆ ಕಾಯಕ ನಿಂತದ್ದನ್ನು ನೆನಪಿಸಿ ಎಬ್ಬಿಸಿದವಳೂ ಆಕೆಯೇ. ಮಾತು ಎಷ್ಟು ದೊಡ್ಡದಾದರೂ ಅದು ದಿನದ ಕೆಲಸದಿಂದ ಕಳಚಿಕೊಂಡರೆ ಕೆಡುತ್ತದೆ ಎಂಬುದನ್ನು ಮಂಟಪದ ಒಳಗಿನವರೇ ಹೇಳಿಕೊಂಡಿದ್ದಾರೆ. ಬೋಮ್‌ಗೆ ನಾನು ಹೇಳಬೇಕೆಂದಿದ್ದನ್ನು ಲಕ್ಕಮ್ಮ ಆಗಲೇ ಹೇಳಿದ್ದಾಳೆ.

ನಮ್ಮ ಹಳೆಯದೆಲ್ಲ ಸಂವಾದವೇ ಆಗಿತ್ತು ಎಂದು ಹೇಳುವ ಆಸೆ ನನಗಿಲ್ಲ. ಹರದೇಶಿ ನಾಗೇಶಿ ಮೇಳಗಳ ಗೀಗೀ ಪದ ಕೇಳುತ್ತ ಬೆಳಗು ಮಾಡಿದವನು ನಾನು. ಒಂದು ಮೇಳ ಶಿವ ದೊಡ್ಡವನು ಎನ್ನುತ್ತದೆ, ಇನ್ನೊಂದು ಶಕ್ತಿ ದೊಡ್ಡವಳು ಎನ್ನುತ್ತದೆ. ದಪ್ಪು, ತುಂತುಣಿ, ಸವಾಲು, ಜವಾಬು. ಕೇಳುವವರ ಬುದ್ಧಿ ಚುರುಕಾಗುತ್ತದೆ. ಆದರೆ ಹಾಡುವವರ ಪಕ್ಷ ಮೊದಲೇ ಗೊತ್ತಾದದ್ದು, ಬೆಳಗಾದರೂ ಅದು ಬದಲಾಗುವಂತಿಲ್ಲ. ಅದು ಕಲೆ, ವಾದ. ನಾನು ಹೇಳುತ್ತಿರುವ ಸಂವಾದಕ್ಕೆ ಅಕ್ಕಪಕ್ಕದ್ದು, ಅದೇ ಅಲ್ಲ. ಕುಲಗೋಡ ತಮ್ಮಣ್ಣನ ಪಾರಿಜಾತದಲ್ಲಿ ಭಾಗವತ ದೂತಿಯರ ಮಾತಿನ ಕುಸ್ತಿಗೆ ನಮ್ಮ ಸೀಮೆಯೇ ತವರು. ಅಲ್ಲಿಯೂ ಗರ್ವ ಇಳಿಯುವುದು ಸತ್ಯಭಾಮೆಯದು, ನೋಡುವವರದಲ್ಲ.

ಗುಂಪು ಎಂದರೆ ಒಳ್ಳೆಯದು ಎಂಬ ಭ್ರಮೆಯೂ ಬೇಡ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಮನಸ್ಸು ಬಿಚ್ಚುವ ಗುಂಪುಗಳ ಅಲೆ ಎದ್ದಾಗ ಲೀಬರ್ಮನ್, ಯಾಲೊಮ್, ಮೈಲ್ಸ್ ಎಂಬ ಮೂವರು ಸ್ಟ್ಯಾನ್‌ಫರ್ಡ್‌ನ ಇನ್ನೂರರಷ್ಟು ವಿದ್ಯಾರ್ಥಿಗಳನ್ನು ಬೇರೆ ಬೇರೆ ಗುಂಪುಗಳಲ್ಲಿ ಕೂಡಿಸಿ ಪರೀಕ್ಷಿಸಿದರು. 1973ರಲ್ಲಿ ಪುಸ್ತಕ ಬಂತು. ಸುಮಾರು ಮೂರನೆಯ ಒಂದು ಪಾಲಿಗೆ ಲಾಭ ಆಗಿತ್ತು. ನೂರಕ್ಕೆ ಎಂಟರ ಆಸುಪಾಸಿನವರಿಗೆ ಗಟ್ಟಿ ಪೆಟ್ಟು ಬಿದ್ದಿತ್ತು. ಮೋಡಿ ಮಾಡುವ, ಎದೆ ಬಗೆದು ತೋರಿಸು ಎಂದು ಒತ್ತಾಯಿಸುವ ಮುಂದಾಳುಗಳ ಗುಂಪಿನಲ್ಲಿ ಪೆಟ್ಟು ಹೆಚ್ಚು. ಶಿಬಿರ ನಡೆಸುವವರು ಈ ಸಂಗತಿಯನ್ನು ಹೇಳುವುದಿಲ್ಲ. ಮೂರು ದಿನದಲ್ಲಿ ಮನಸ್ಸು ಬಿಚ್ಚಿಸಿ ನಾಲ್ಕನೆಯ ದಿನ ಊರು ಬಿಟ್ಟು ಹೋಗುವವರಿಗೆ ಬಿಚ್ಚಿದ್ದನ್ನು ಕಟ್ಟುವ ಹೊಣೆ ಇರುವುದಿಲ್ಲ.

ನಮ್ಮ ಸಂಘಗಳಿಗೆ ಬಡಿದ ರೋಗ ಬೇರೆ. ನಬಾರ್ಡ್ 1992ರಲ್ಲಿ ಐನೂರು ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ರಾಜ್ಯದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು. ಹತ್ತರಿಂದ ಇಪ್ಪತ್ತು ಮಂದಿ, ವಾರದ ಸಭೆ, ಉಳಿತಾಯ, ಮಾತು. ಆಮೇಲೆ ಬಂದ ಕಿರುಸಾಲದ ಕಂಪನಿಗಳು ಸಭೆಯ ಹೊರಮೈ ಇಟ್ಟುಕೊಂಡು ಒಳಗಿನ ಮಾತನ್ನು ತೆಗೆದವು. ಈಗ ಎಷ್ಟೋ ಕಡೆ ಸಭೆ ಎಂದರೆ ಮೋಟರ್‌ಸೈಕಲ್ ಮೇಲೆ ಬಂದ ಹುಡುಗ, ಹತ್ತು ನಿಮಿಷ, ಕಂತು. ಒಬ್ಬಾಕೆ ಕಟ್ಟದಿದ್ದರೆ ಉಳಿದವರು ಆಕೆಯ ಮನೆ ಮುಂದೆ ಹೋಗಿ ಕೂಡಬೇಕು. ಅದೇ ಓಣಿ, ಅದೇ ಹೆಂಗಸರು, ಅದೇ ಜಮಖಾನೆ. ಆದರೆ ಕೇಳುವ ಪ್ರಶ್ನೆ ಒಂದೇ, ರೊಕ್ಕ ಯಾವಾಗ ಎಂಬ ಒತ್ತಡದ್ದು. ಸಾಲಗಾರರ ಆತ್ಮಹತ್ಯೆಗಳ ಸುದ್ದಿ ಮೇಲಿಂದ ಮೇಲೆ ಬಂದು, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಎದುರು ಕೂತು ಕೇಳುವ ಗುಂಪನ್ನು ‘ನಾಲ್ಕು ಮಂದಿ ಏನಂದಾರು’ ಎಂಬ ಗುಂಪಾಗಿ ಮಾಡುವುದು ಎಷ್ಟು ಸುಲಭ ಎಂಬುದಕ್ಕೆ ಇದಕ್ಕಿಂತ ನೋವಿನ ಪುರಾವೆ ಬೇಕಿಲ್ಲ.

ಜಾತಿಯ ಮಾತು ಬಿಟ್ಟರೆ ನಾನು ಅಪ್ರಾಮಾಣಿಕನಾಗುತ್ತೇನೆ. ನಾನು ಲೆಕ್ಕ ಬರೆದ ಸಂಘದಲ್ಲಿ ಹದಿನಾಲ್ಕು ಮಂದಿ ಒಂದೇ ಓಣಿಯವರು. ನಮ್ಮ ಊರುಗಳಲ್ಲಿ ಒಂದೇ ಓಣಿ ಎಂದರೆ ಬಹಳ ಸಲ ಒಂದೇ ಜಾತಿ. ಸಮಾನರು ಸೇರಿದರೆ ಮಾತು ಬೇಗ ಹುಟ್ಟುತ್ತದೆ ಎಂಬುದು ನಿಜ. ಆದರೆ ಕೆಲವು ಪ್ರಶ್ನೆಗಳು ಅಲ್ಲಿ ಎಂದೂ ಹುಟ್ಟುವುದಿಲ್ಲ. ಕೇರಿಯ ಹೆಂಗಸು ಆ ಜಮಖಾನೆಯ ಮೇಲೆ ಕೂತು “ನನಗ ಯಾಕ ಮ್ಯಾಲಿಂದ ನೀರ ಹಾಕತಿದ್ರಿ?” ಎಂದು ಕೇಳುವ ದಿನ ಅಲ್ಲಿ ಬರಲಿಲ್ಲ. ಮಾದಾರ ಚೆನ್ನಯ್ಯನ ಹೆಸರು, ಡೋಹರ ಕಕ್ಕಯ್ಯನ ಹೆಸರು, ಅಂಬಿಗರ ಚೌಡಯ್ಯನ ಹೆಸರು ಕೂಡಿ ಬರುವ ಒಂದು ಮಂಟಪವನ್ನು ಕಲ್ಪಿಸಿಕೊಂಡ ನಾಡು ನಮ್ಮದು. ಸಿಮೆಂಟಿನಲ್ಲಿ ಅದನ್ನು ಮತ್ತೆ ಕಟ್ಟುವುದಕ್ಕಿಂತ ಒಂದೂರಿನ ಎರಡು ಓಣಿಗಳ ಸಂಘ ತಿಂಗಳಿಗೊಮ್ಮೆ ಒಂದೇ ಪಡಸಾಲೆಯಲ್ಲಿ ಕೂಡುವುದು ಕಷ್ಟದ ಕೆಲಸ, ದೊಡ್ಡ ಕೆಲಸ.

ಗಂಡಸರಿಗೆ ಇಂಥ ಜಾಗವೇ ಇಲ್ಲ ಎಂಬುದೂ ನನ್ನನ್ನು ಕಾಡುತ್ತದೆ. ಗುಡಿಯ ಕಟ್ಟೆ ಇದೆ, ಚಹಾದ ಅಂಗಡಿ ಇದೆ, ಚುನಾವಣೆ ಬಂದರೆ ಪಕ್ಷ ಇದೆ. ಅಲ್ಲೆಲ್ಲ ಮಾತಿಗೆ ಬರ ಇಲ್ಲ. ಆದರೆ ಸಾಲದಲ್ಲಿ ಮುಳುಗಿದ ರೈತನೊಬ್ಬ ಕಟ್ಟೆಯ ಮೇಲೆ ದಿನಾ ಕೂತು, ದಿನಾ ನಕ್ಕು, ಒಂದು ದಿನ ಇಲ್ಲವಾದಾಗ “ನಮಗ ಏನೂ ಹೇಳಲಿಲ್ಲ” ಎಂದು ಗೆಳೆಯರು ಅಳುವುದನ್ನು ನಾನು ಕಂಡಿದ್ದೇನೆ. ಅವನು ಹೇಳಲಿಲ್ಲ ಎಂಬುದು ಅರ್ಧ. ಅವನನ್ನು ಯಾರೂ ಕೇಳಲಿಲ್ಲ ಎಂಬುದು ಇನ್ನರ್ಧ.

ಸಂಘ ನಡೆಸುವ ಅಕ್ಕತಂಗಿಯರಲ್ಲಿ, ಹಾಲಿನ ಡೇರಿ, ಪತ್ತಿನ ಸಂಘ, ನೀರು ಬಳಕೆದಾರರ ಸಂಘ ನಡೆಸುವ ಅಣ್ಣತಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಭೆಯಲ್ಲಿ ಕಂತು ಎಣಿಸುವ ಮುಂಚೆ ಅರ್ಧ ತಾಸು ಬಿಡಿ. ಮೈಕ್ ತರಬೇಡಿ, ಅತಿಥಿಗಳನ್ನು ಕರೆಯಬೇಡಿ. ನನ್ನಂಥ ಮಾಸ್ತರ ಇದ್ದರೆ ಬಾಗಿಲ ಹತ್ತಿರ ಕೂಡಿಸಿ, ಬರೆಯುವ ಕೆಲಸ ಮಾತ್ರ ಕೊಡಿ. ಯಾರಾದರೂ ತಮ್ಮ ಮನೆಯ ಒಂದು ಸಂಗತಿ ಎತ್ತಿದರೆ ಬುದ್ಧಿ ಹೇಳದೆ ಒಂದು ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದರೆ ಮುಂದಿನ ವಾರ ಮತ್ತೆ ಕೇಳಿ.